ಅಮ್ಮನ ತಂಗಳನ್ನ

ರಾತ್ರಿ ಉಳಿದ ಕುಚ್ಚಲಕ್ಕಿ ಅನ್ನಕ್ಕೆ ನೀರು ಹೊಯ್ದು ಮಣ್ಣಿನ ಮಡಕೆಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆ ಅದಕ್ಕೆ ಬರುವ ಎಳೆ ಹುಳಿಯ ವಾಸನೆ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲವಾದರೆ ನೀವು ನಮ್ಮ ಕಾಪುವಿನ ಕಡಲತಡಿಯಲ್ಲಿ ಹುಟ್ಟಿದವರಲ್ಲ, ಅಷ್ಟೆ. ನನ್ನ ಅಮ್ಮ ಆ ತಂಗಳಿಗೆ ಮಜ್ಜಿಗೆ ಬೆರೆಸಿ, ಸುಟ್ಟ ಒಣಮೀನು ನಂಜಿಕೊಂಡು ಉಂಡು, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕಟಪಾಡಿಯವರೆಗೂ ನಡೆದವಳು. ನಾನು ಓದಿ ಉಡುಪಿಯಲ್ಲಿ ಮೇಷ್ಟ್ರಾದದ್ದು ಆ ನಡಿಗೆಯಿಂದ.

ಎಪ್ಪತ್ತರ ದಶಕದ ಕೊನೆಗೆ ಬುಟ್ಟಿ ಕೆಳಗಿಟ್ಟು ಅಮ್ಮ ನನ್ನ ಬಾಡಿಗೆ ಮನೆಗೆ ಬಂದಳು. ಆ ಮಳೆಗಾಲದಲ್ಲಿ ಜ್ವರ ಹಿಡಿದು, ಮಣಿಪಾಲದ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿ, ಬಲವಾದ ಮಾತ್ರೆಗಳನ್ನು ನುಂಗಿ ಬದುಕಿ ಬಂದಳು. ಅಂದೇ ನಾನು ಅವಳು ಊರಿನಿಂದ ತಂದಿದ್ದ ತಂಗಳಿನ ಮಡಕೆಯನ್ನು ಅಟ್ಟಕ್ಕೇರಿಸಿದೆ. ಇನ್ನು ಬ್ರೆಡ್ಡು, ಬಿಸ್ಕತ್ತು, ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ. ಆರೋಗ್ಯಕ್ಕಾಗಿ ಎಂದೆ. ನಿಮ್ಮಲ್ಲಿ ಸುಳ್ಳು ಹೇಳಿ ಏನು ಪ್ರಯೋಜನ? ಸಹೋದ್ಯೋಗಿಗಳು ಬಂದಾಗ ಆ ವಾಸನೆ ಮೂಗಿಗೆ ಬಡಿದೀತೆಂಬ ನಾಚಿಕೆಯೂ ಅದರಲ್ಲಿತ್ತು. ಅಮ್ಮ ಎದುರಾಡಲಿಲ್ಲ, ಅವಳ ಹೊಟ್ಟೆ ಎದುರಾಡಿತು. ಒಂದು ದಿನ ಉಬ್ಬರ, ಮರುದಿನ ಭೇದಿ. ಎರಡು ತಿಂಗಳಲ್ಲಿ ರವಕೆ ಹೆಗಲಿನಿಂದ ಜಾರುವಷ್ಟು ಸೊರಗಿದಳು. ಅಮ್ಮ ಉಳಿಯುವುದಿಲ್ಲವೆಂದು ನಾನು ನಿಜವಾಗಿ ಹೆದರಿದೆ.

ಕೊನೆಗೆ ನಮ್ಮ ಬೀದಿಯ ಹಿರಿಯ ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿ, "ಇಷ್ಟು ವರ್ಷ ಬೆಳಿಗ್ಗೆ ಎಂತ ಉಣ್ಣುತ್ತಿದ್ರಿ ಅಮ್ಮ?" ಎಂದು ಕೇಳಿದರು.

ಅಮ್ಮ ಉತ್ತರಿಸುವ ಮೊದಲು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲನೆ, "ತಂಗಳು" ಎಂದಳು.

"ಮತ್ತೆ ಬಿಡಿಸಿದ್ದು ಯಾಕೆ ಮಾರಾಯ್ರೆ?" ಡಾಕ್ಟರು ನನ್ನತ್ತ ತಿರುಗಿದರು. "ಹೊಟ್ಟೆಯಲ್ಲಿ ಒಳ್ಳೆಯ ಕ್ರಿಮಿಗಳೂ ಉಂಟು. ಮಾತ್ರೆಗೆ ಒಳ್ಳೆಯದು ಕೆಟ್ಟದು ಗೊತ್ತಾಗುವುದಿಲ್ಲ, ಎಲ್ಲವನ್ನೂ ತೊಳೆಯುತ್ತದೆ. ಪ್ರಾಯ ಆದವರಿಗೆ ಅವು ಬೇಗ ಹಿಂದೆ ಬರುವುದಿಲ್ಲ. ಅವರ ಊಟ ಅವರಿಗೆ ಕೊಡಿ, ಸ್ವಲ್ಪ ಸ್ವಲ್ಪ."

ಮುದುಕರನ್ನು ತಿದ್ದುವುದು ಸುಲಭವೆಂದು ನಾವು ತಿಳಿದಿರುತ್ತೇವೆ, ಏಕೆಂದರೆ ಅವರು ಮರುಮಾತಾಡುವುದಿಲ್ಲ. ನಮ್ಮ ಹಿರಿಯರು ಮಮತೆಯನ್ನು ಇಟ್ಟದ್ದೇ ಕರುಳಿನಲ್ಲಿ. ಅರವತ್ತು ವರ್ಷ ಅದೇ ಅನ್ನ, ಅದೇ ಮಜ್ಜಿಗೆ ಉಂಡು ಆ ಹೆತ್ತ ಕರುಳಿನೊಳಗೆ ಕಣ್ಣಿಗೆ ಕಾಣದ ಒಂದು ದೊಡ್ಡ ಸಂಸಾರ ನೆಲೆಸಿತ್ತು. ಮಾತ್ರೆ ಅದನ್ನು ಒಕ್ಕಲೆಬ್ಬಿಸಿತು, ಓದಿದ ಮಗ ಅದು ಮರಳುವ ದಾರಿಯನ್ನೂ ಮುಚ್ಚಿದ.

ಮಡಕೆ ಅಟ್ಟದಿಂದ ಇಳಿಯಿತು. ಮೊದಲು ನಾಲ್ಕು ತುತ್ತು, ಕೆಲವು ವಾರಗಳಲ್ಲಿ ಒಂದು ಬಟ್ಟಲು. ಅಮ್ಮನ ಕೆನ್ನೆ ಮತ್ತೆ ತುಂಬಿತು. ಒಂದು ಭಾನುವಾರ ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಕುಳಿತು ಉಣ್ಣುತ್ತಿದ್ದವಳು ಗೇಟಿನ ಸದ್ದು ಕೇಳಿ, ಬಟ್ಟಲನ್ನು ಸೆರಗಿನಿಂದ ಮುಚ್ಚಿಕೊಂಡು ಎದ್ದಳು.

"ನಿನ್ನ ಶಾಲೆಯವರು ಬಂದ್ರು ಮಗಾ. ನಾನು ಒಳಗೆ ಹೋಗ್ತೇನೆ."

ನನ್ನ ಕರುಳು ಚುರ್ರೆಂದಿತು. ಅವಳ ಕೈಹಿಡಿದು ಕೂರಿಸಿ, ಬಂದವರ ಎದುರಿಗೇ ಬಟ್ಟಲಿಗೆ ಕೈಹಾಕಿ ಒಂದು ತುತ್ತು ಬಾಯಿಗಿಟ್ಟೆ. ಅಮ್ಮ ಬಟ್ಟಲನ್ನು ನನ್ನ ಕಡೆಗೆ ಸರಿಸಿ ಕೇಳಿದಳು, "ಉಪ್ಪು ಸಾಕಾ?"