ಗಂಟೆಹೂವಿನ ಬಂಗಾರ

ನನಗೆ ಒಂದು ಗಿಡದ ಮೇಲೆ ಸಿಟ್ಟಿದೆ. ಮನುಷ್ಯರ ಮೇಲೆ ಬರುವ ಸಿಟ್ಟು ರೊಟ್ಟಿ ಬಡಿಯುವಷ್ಟರಲ್ಲಿ ಅರ್ಧ ಇಳಿದುಹೋಗುತ್ತದೆ. ಇದು ಮಾತ್ರ ಮಗ್ಗದ ಗುಂಡಿಯಲ್ಲಿ ಕೂತು ದಿನವಿಡೀ ಸೀರೆ ನೇಯ್ದರೂ ಇಳಿಯಲೊಲ್ಲದು. ಯಾಕೆಂದರೆ ಮಗ್ಗದ ಎದುರಿನ ಕಿಟಕಿಯಿಂದ ಗಜೇಂದ್ರಗಡದ ಗುಡ್ಡ ಕಾಣುತ್ತದೆ, ಗುಡ್ಡದ ತುಂಬ ಅದೇ ಗಿಡ ನಿಂತಿದೆ.

ನೀವೂ ನೋಡಿರುತ್ತೀರಿ. ಹಳದಿ ಬಣ್ಣ, ಗಂಟೆಯ ಆಕಾರ, ಗೊಂಚಲು ಗೊಂಚಲು ಹೂವು. ಗಂಟೆಹೂವು ಎನ್ನುತ್ತೇವೆ. ತವರು ಅಮೆರಿಕಾ ಖಂಡವಂತೆ, ಬಂಗಲೆಗಳ ಅಂಗಳಕ್ಕೆ ಚೆಂದ ಕಾಣಲೆಂದು ಇಲ್ಲಿಗೆ ತಂದದ್ದಂತೆ. ನಮ್ಮ ಓಣಿಗೆ ತಂದವರು ನನ್ನ ಭಾವ, ಗಂಡನ ಅಣ್ಣ. ರೋಣದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ತಮ್ಮ ಗೇಟಿನ ಪಕ್ಕ ನೆಟ್ಟರು. ನೀರು ಬೇಡ, ಗೊಬ್ಬರ ಬೇಡ, ಆಡು ಕೂಡ ಬಾಯಿ ಹಾಕುವುದಿಲ್ಲ ಎಂದು ಎಲ್ಲರೆದುರು ಹೊಗಳಿದರು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನೇ ಸುಳ್ಳು ಮಾಡಿದ ಗಿಡದ ಮೇಲೆ ಅನುಮಾನ ಪಡಬೇಕಿತ್ತು. ಓಣಿ ಭೇಷ್ ಎಂದಿತು.

ಅದರ ಕಾಯಿ ಗೇಣುದ್ದ, ಥೇಟ್ ಅಲಸಂದಿಯಂತೆ. ಒಣಗಿ ಬಿರಿದರೆ ಒಳಗೆಲ್ಲ ಕಾಗದದ ರೆಕ್ಕೆ ಹಚ್ಚಿಕೊಂಡ ಬೀಜ. ನಮ್ಮದೋ, ಕರೆಂಟು ಮಾಡಲು ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟ ಊರು. ಮುಂದಿನದನ್ನು ಹೇಳಬೇಕೆ? ಹುಲ್ಲು ಹೋಯಿತು, ಕವಳಿಹಣ್ಣಿನ ಕಂಟಿ ಹೋಯಿತು. ಇಡೀ ಗುಡ್ಡ ಭಾವನ ಒಂದೇ ಗಿಡದ ಸಂತಾನ ಎನ್ನಲಾರೆ, ಊರಲ್ಲಿ ಇದನ್ನೇ ನೆಟ್ಟ ಗೇಟುಗಳು ಬೇಕಾದಷ್ಟಿವೆ. ಈಗ ಹೊರಗಿನವರು ಬಂದು ಹಳದಿ ಗುಡ್ಡದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಆ ಗುಡ್ಡದ ಬುಡದಲ್ಲಿ ನಮ್ಮ ಓಣಿಯ ಬನ್ನಿಗಿಡವಿದೆ. ದಸರೆಗೆ ಎಲ್ಲರೂ ಹೋಗಿ ಪೂಜಿಸಿ ಎಲೆ ತರುತ್ತೇವೆ. ಮೊದಲ ಎಲೆ ಮಗ್ಗಕ್ಕೆ. ಆಮೇಲೆ ಒಬ್ಬರಿಗೊಬ್ಬರು ಬಂಗಾರವೆಂದು ಕೊಟ್ಟು ವರ್ಷದ ಜಗಳ ಮರೆಯುತ್ತೇವೆ. ಕೊಟ್ಟ ಬನ್ನಿ ಬೇಡವೆಂದರೆ ಸಂಬಂಧವೇ ಬೇಡವೆಂದ ಹಾಗೆ. ಪಾಂಡವರು ಆಯುಧ ಬಚ್ಚಿಟ್ಟದ್ದು ಬನ್ನಿಯಲ್ಲಿ. ಗಂಟೆಹೂವಿನ ಗಿಡದಲ್ಲಿ ಇಟ್ಟಿದ್ದರೆ ಭೀಮನ ಗದೆಗೇ ಟೊಂಗೆ ಮುರಿದು ಅಜ್ಞಾತವಾಸ ಮೊದಲ ದಿನವೇ ಮುಗಿಯುತ್ತಿತ್ತು.

ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದ ಬನ್ನಿಯ ದಾರಿ ಹೋದ ದಸರೆಗೆ ಪೂರ್ತಿ ಮುಚ್ಚಿಹೋಗಿತ್ತು. ಮುಂದೆ ಹೋದವರು ಪೊದೆ ನೋಡಿ, ಹಾವಿದ್ದೀತೆಂದು ಹೆದರಿ ಹಿಂದಿರುಗಿದರು. ಅಷ್ಟರಲ್ಲಿ ಭಾವ ಗೇಟಿನ ಮುಂದೆ ಬುಟ್ಟಿ ತುಂಬ ಹಳದಿ ಹೂವು ಇಟ್ಟುಕೊಂಡು ಬನ್ನಿಯ ಬದಲಿಗೆ ಹಂಚತೊಡಗಿದ್ದರು. ಜನ ತೆಗೆದುಕೊಂಡರು, ಕಾಲಿಗೂ ಬಿದ್ದರು. ನನ್ನ ಸರದಿ ಬಂತು.

“ಬನ್ನಿ ಎಲಿಗಿಂತ ಇದ ಚಲೋ ಐತಿ ನೋಡವಾ. ಬಣ್ಣಾನೂ ಖರೇ ಬಂಗಾರದ್ದ,” ಎಂದರು.

“ಇದನ್ನ ನಾ ತಗೊಳ್ಳಂಗಿಲ್ರಿ,” ಎಂದೆ.

ಭಾವನೆದುರು ನಾನು ಜೋರಾಗಿ ಕೆಮ್ಮಿದವಳೂ ಅಲ್ಲ. ಅವರ ಮುಖ ಸಣ್ಣದಾಯಿತು. ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಸಂಬಂಧ ಉಳಿಯಬೇಕಾದರೆ ನಿಜವಾದ ಬನ್ನಿಯನ್ನೇ ತರಬೇಕಿತ್ತು. ಕುಡಗೋಲು ಹಿಡಿದು ನಡೆದೆ. ಗಂಡ ಹಿಂದೆ ಬಂದರು. ಬೈಯಲು ಬಂದರೇನೋ ಎಂದುಕೊಂಡೆ, ತಿರುಗಿ ನೋಡಿದರೆ ಹೆಗಲ ಮೇಲೆ ಕೊಡಲಿಯಿತ್ತು.

ಕಡಿಯುತ್ತ ಕಡಿಯುತ್ತ ಒಳಗೆ ಹೋದರೆ ಬನ್ನಿ ನಿಂತೇ ಇತ್ತು. ಕೆಳಗಿನ ಟೊಂಗೆಗಳು ಬೆಳಕಿಲ್ಲದೆ ಒಣಗಿದ್ದವು, ಎಲೆ ತುದಿಯಲ್ಲಷ್ಟೇ. ಅದರ ಬುಡದಲ್ಲಿ ಅದರದೇ ಸಸಿ ಒಂದೂ ಇರಲಿಲ್ಲ, ಇದ್ದದ್ದೆಲ್ಲ ಗಂಟೆಹೂವಿನ ಮರಿಗಳು. ನನಗೆ ಅಳು ಬಂತು. ಈ ಗಿಡ ಹೋದರೆ ನಾವು ಯಾವುದನ್ನು ಕೊಟ್ಟು ಜಗಳ ಮರೆಯಬೇಕು?

ಒಂದು ಹಿಡಿ ಎಲೆ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಮೊದಲು ಮಗ್ಗಕ್ಕಿಟ್ಟು, ಉಳಿದದ್ದನ್ನು ಭಾವನ ಎದುರು ಬಿಚ್ಚಿದೆ. ಅವರು ಬಗ್ಗಿ ನೋಡಿದರು.

“ಆ ಗಿಡಾ ಇನ್ನೂ ಐತೇನು?” ಎಂದರು. ಎಲೆಗಳ ನಡುವೆ ತೆಳ್ಳಗೆ, ಬೆಳ್ಳಗೆ, ಕಾಗದದ ರೆಕ್ಕೆಯಂಥದೇನೋ ಅಂಟಿಕೊಂಡಿತ್ತು. ಬೆರಳಲ್ಲಿ ಎತ್ತಿ, ಇದೇನೆಂದು ಕೇಳಿದರು.

“ನಿಮ್ಮ ಬಂಗಾರರಿ,” ಎಂದೆ.

ಅವರು ತಲೆಯೆತ್ತಿ ತಮ್ಮ ಗೇಟಿನ ಗಿಡದಲ್ಲಿ ಜೋತಾಡುವ ಕಾಯಿಗಳನ್ನು ನೋಡಿದರು. ಇಷ್ಟು ವರ್ಷ ಹೂವು ನೋಡಿದ್ದರು, ಕಾಯಿ ನೋಡಿರಲಿಲ್ಲ. ಆಮೇಲೆ ಒಂದು ಬನ್ನಿ ಎಲೆಯನ್ನು ನನಗೆ ಕೊಟ್ಟರು, ನಾನು ಕಾಲಿಗೆ ಬಿದ್ದೆ.

ಮರುದಿನ ಭಾವ ಆ ಗಿಡ ಕಡಿದರು ಎಂದು ಬರೆದರೆ ಸುಳ್ಳಾದೀತು. ಕಡಿಯಲು ಮನಸ್ಸಿಲ್ಲ. ಈಗ ಸ್ಟೂಲು ಹತ್ತಿ, ಕಾಯಿ ಬಿರಿಯುವ ಮೊದಲೇ ಕಿತ್ತು ನಮ್ಮ ಒಲೆಗೆ ತಂದು ಸುರಿಯುತ್ತಾರೆ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ, ಅಂದು ನಾವು ಗಂಡಹೆಂಡತಿ ಕೊಡಲಿ ಹಿಡಿದು ಬನ್ನಿಯ ಸುತ್ತಲಿನ ಪೊದೆ ಕಡಿಯಲು ಹೊರಟರೆ, ಭಾವ ನೀರಿನ ಕೊಡ ಹೊತ್ತು ಹಿಂದೆ ಬರುತ್ತಾರೆ. ಕಡಿದ ಬುಡ ಮತ್ತೆ ಚಿಗುರುತ್ತದೆ, ನನ್ನ ಸಿಟ್ಟೂ ಚಿಗುರುತ್ತದೆ. ಹೂವು ಚೆಂದವೇ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ತಾನಾಗಿ ಬಾಗಿಲಿಗೆ ಬಂದ ಬಂಗಾರವನ್ನು ಒರೆಗೆ ಹಚ್ಚದೆ ಯಾರಾದರೂ ಒಳಗೆ ಇಟ್ಟುಕೊಳ್ಳುತ್ತಾರೆಯೇ?