ಆಯಿಯ ಸೀರೆ ಉಟ್ಟ ಪವನಿ

ಕಸ್ತೂರಿಯನ್ನು ನಾನು ಮೊದಲು ಕಂಡದ್ದು 1998ರ ಜುಲೈ ತಿಂಗಳಿನಲ್ಲಿ, ನಾನು ಮಾಸ್ತರನಾಗಿದ್ದ ಇಳಕಲ್ಲಿನ ಕನ್ನಡ ಶಾಲೆಯ ಐದನೆಯ ಇಯತ್ತೆಯಲ್ಲಿ. ಹಾಜರಿ ಕರೆಯುತ್ತಿದ್ದಾಗ ಹಿಂದಿನ ಸಾಲಿನಿಂದ ಕಿಸಿಕಿಸಿ ನಗೆ ಎದ್ದಿತು. ನೋಡಿದರೆ, ಸಮವಸ್ತ್ರದ ಮಕ್ಕಳ ನಡುವೆ ಹನ್ನೊಂದು ವರುಷದ ಒಂದು ಹುಡುಗಿ ಕರಿಯ ಚಂದ್ರಕಾಳಿ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಕೆಂಪು ಸೆರಗನ್ನು ತಲೆತುಂಬ ಹೊದ್ದು, ಮದುವೆಯ ಮನೆಯ ಹಿರಿಯಳಂತೆ ಗಂಭೀರವಾಗಿ ಕುಳಿತಿದ್ದಳು. ಹಣೆಯಲ್ಲಿ ಕಾಸಿನಗಲ ಕುಂಕುಮ. ಮೂಗಿನಲ್ಲಿ ದೊಡ್ಡ ನತ್ತು. ಮೂಗು ಚುಚ್ಚಿಸಿರಲಿಲ್ಲವಾದ್ದರಿಂದ ಆ ನತ್ತನ್ನು ಕರಿಯ ದಾರದಿಂದ ಕಿವಿಗೆ ಕಟ್ಟಿ ನಿಲ್ಲಿಸಿದ್ದರು.

ಇದೇನೆಂದು ಕೇಳಿದ್ದಕ್ಕೆ ಅವಳು ಎದ್ದು ನಿಂತಳು.

"ಇವತ್ತ ನಮ್ಮನಿಗೆ ಚಿತ್ರಾ ತಗಿಯೋರು ಬರ್ತಾರ್ರೀ ಸರ. ನಮ್ಮ ಆಯಿ ನಸಿಕಿನ್ಯಾಗ ಉಡಿಸ್ಯಾಳ್ರಿ. ಬಿಚ್ಚಿದ್ರ ಮತ್ತ ಉಡಸಾಕ ಆಕಿಗೆ ಆಗೂದಿಲ್ಲಂತ ಹಿಂಗ ಸಾಲಿಗೆ ಕಳಿಸ್ಯಾಳ್ರಿ."

ಇಷ್ಟು ಹೇಳುವಷ್ಟರಲ್ಲಿ ನತ್ತು ತುಟಿಯ ಮೇಲೆ ಜಾರಿತು. ತರಗತಿಯೆಲ್ಲ ಗೊಳ್ಳೆಂದಿತು. ಅವಳು ಮಾತ್ರ ನಗಲಿಲ್ಲ. ದಾರವನ್ನು ಜಗ್ಗಿ ನತ್ತನ್ನು ಅದರ ಸ್ಥಳಕ್ಕೆ ಕೂಡಿಸಿ, ಸೆರಗು ಸರಿಮಾಡಿಕೊಂಡು ಕುಳಿತಳು.

ಅವಳ ತಂದೆ ಯಮನೂರಪ್ಪ ಕೈಮಗ್ಗದ ನೇಕಾರ. ತಾಯಿ ದುರ್ಗವ್ವ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಿದ್ದಳು. ಆಯಿ ಎಂದರೆ ತಂದೆಯ ತಾಯಿ ಶಾರವ್ವ. ಮನೆಯ ಯಜಮಾನಿಕೆ ಅವಳದೇ. ಮುಂಬಯಿಯ ಒಂದು ಕಂಪನಿಯವರು ಟಿ.ವಿ.ಗಾಗಿ ಕಾರ್ಟೂನಿನ ಧಾರಾವಾಹಿಯೊಂದನ್ನು ತಯಾರಿಸುತ್ತಿದ್ದರು. ಎಲ್ಲಿಯೂ ಇಲ್ಲದ ಒಂದು ರಾಜ್ಯದ ಅದ್ಭುತ ಕಥೆ ಅದು. ಅದಕ್ಕಾಗಿ ಚಿತ್ರಗಾರರು ಬಾದಾಮಿಯ ಗುಹೆಗಳನ್ನೂ ಕೆಂಪು ಬಂಡೆಗಳನ್ನೂ ಬರೆದುಕೊಂಡು, ಅಲ್ಲಿನ ಗೈಡ್ ರಾಜಮಹ್ಮದನ ಜೊತೆಗೆ ಇಳಕಲ್ಲಿಗೆ ಬಂದಿದ್ದರು. ನೇಕಾರರ ಮನೆಯ ಹುಡುಗಿಯೊಬ್ಬಳು ದಿನನಿತ್ಯದ ಉಡುಪಿನಲ್ಲಿ ಕೆಲಸ ಮಾಡುವುದನ್ನು ನೋಡಬೇಕೆಂಬುದು ಅವರ ಆಸೆ. ರಾಜಮಹ್ಮದ ಹಿಂದಿನ ದಿನವೇ ಬಂದು ಇದನ್ನು ಬಿಡಿಸಿ ಹೇಳಿಹೋಗಿದ್ದ. ಆದರೆ ಶಾರವ್ವನಿಗೆ ಅದು ಹುಚ್ಚುಮಾತಾಗಿ ಕಂಡಿತು.

"ಚಿತ್ರಾ ತಗೀತಾರಂದ್ರ ಹರಕ ಲಂಗಾ ಹಾಕ್ಕೊಂಡು ಕುಂದ್ರಬೇಕೇನ್ಲೇ ರಾಜಾ? ನಾಳೆ ನೋಡಿದವ್ರು ನಮಗ ಏನಂದಾರು?"

ಅವಳ ಮಾತಿನಲ್ಲಿ ತಪ್ಪೇನಿತ್ತು? ಆ ಮನೆಯಲ್ಲಿ ಚಿತ್ರ ತೆಗೆಸಿಕೊಳ್ಳುವುದೆಂದರೆ ಮದುವೆಗೆ ಒಮ್ಮೆ, ಇಲ್ಲವೆ ಸತ್ತ ಮೇಲೆ ಒಮ್ಮೆ. ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟುಕೊಂಡು ಕೂಡುವುದೇ ರೀತಿ. ಶಾರವ್ವ ಟ್ರಂಕಿನಿಂದ ತನ್ನ ಮದುವೆಯ ಸೀರೆಯನ್ನು ತೆಗೆದು, ಅದರ ಉದ್ದವನ್ನೆಲ್ಲ ಮೊಮ್ಮಗಳ ಸೊಂಟಕ್ಕೆ ಸುತ್ತಿಬಿಟ್ಟಳು. ಚಿತ್ರಗಾರರು ಬೆರಗಾದರು. ಈ ಸೀಮೆಯ ಹುಡುಗಿಯರು ಹೀಗೆಯೇ ಇರುತ್ತಾರೆಂದು ತಿಳಿದು ಕಚ್ಚೆಯನ್ನೂ ಕುಂಕುಮವನ್ನೂ, ಕಡೆಗೆ ಆ ಕರಿಯ ದಾರವನ್ನೂ ಬಿಡದೆ ಬರೆದುಕೊಂಡು ಹೋದರು.

ಎರಡು ವರುಷಗಳ ಮೇಲೆ ರವಿವಾರದ ಮುಂಜಾನೆ ಆ ಧಾರಾವಾಹಿ ಟಿ.ವಿ.ಯಲ್ಲಿ ಬರತೊಡಗಿತು. ಪಕ್ಕದ ಮನೆಯ ಸುಮಾಳ ಪಡಸಾಲೆಯಲ್ಲಿ ಓಣಿಯ ಮಕ್ಕಳೆಲ್ಲ ನೆರೆದರು. ಮಾತು ಹಿಂದಿಯದು, ಅರ್ಥವಾದದ್ದು ಅಷ್ಟಕ್ಕಷ್ಟೆ. ಆದರೆ ಕಣ್ಣಿಗೆ ಕಂಡದ್ದಕ್ಕೆ ಭಾಷೆ ಏತಕ್ಕೆ? ಬಾದಾಮಿಯ ಬಂಡೆಗಳ ನಡುವೆ ಒಂದು ಅರಮನೆ. ಅದರ ಮೇಲೆ ಚೀನಾ ದೇಶದ ಗುಡಿಗಳಿಗಿರುವಂಥ, ಅಂಚು ಮೇಲಕ್ಕೆ ಬಾಗಿದ ಛಾವಣಿ. ಜನ ಎದುರಾದಾಗ ಜಪಾನಿನವರಂತೆ ನಡು ಬಗ್ಗಿಸುತ್ತಿದ್ದರು. ಬಯಲಿನಲ್ಲಿ ಮಂಗೋಲರ ಡೇರೆಗಳು. ಇವೆಲ್ಲದರ ಮಧ್ಯದಲ್ಲಿ ಪವನಿ ಎಂಬ ಹುಡುಗಿ, ಕರಿಯ ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಬಂಡೆಯಿಂದ ಬಂಡೆಗೆ ಹಾರುತ್ತಿದ್ದಳು. ಅವಳ ನತ್ತಿಗೆ ಒಂದು ಕರಿಯ ದಾರ. ಅದನ್ನು ಜಗ್ಗಿದರೆ ಅವಳಿಗೆ ಗಾಳಿಯ ಮಾತು ಕೇಳಿಸುತ್ತಿತ್ತು!

"ಏ, ಇದು ಕಸ್ತೂರೀಲೇ! ಆಯಿ ಸೀರಿ ಉಟ್ಕೊಂಡಾಳ!" ಎಂದು ಸುಮಾ ಚೀರಿದಳು.

ಯಮನೂರಪ್ಪ ಬಾಗಿಲಲ್ಲಿ ನಿಂತು ನೋಡಿ, "ನಮ್ಮವ್ವನ ಸೀರಿ ಚೀನಾಕ್ಕ ಹೋತು, ನಾವು ಇನ್ನಾ ಹುನಗುಂದ ದಾಟಿಲ್ಲ" ಎಂದ.

ಅಂದಿನಿಂದ ಓಣಿಯಲ್ಲಿ ಅವಳಿಗೆ ಪವನಿ ಎಂದೇ ಹೆಸರಾಯಿತು. ಮೊದಮೊದಲು ಅವಳು ಸಿಟ್ಟಾದಳು, ಆಮೇಲೆ ಓಗೊಟ್ಟಳು. ಬೆಳೆಯುತ್ತ ಹೋದಂತೆ ಆ ಹೆಸರು ಅವಳ ಮೈಗೆ ಒಗ್ಗಿತು. ಮೆಟ್ರಿಕ್ ಮುಗಿಸಿ ಮಗ್ಗಕ್ಕೆ ಕುಳಿತ ಮೇಲೆಯೂ ಯಾರಾದರೂ "ಪವನೀ" ಎಂದರೆ ಲಾಳಿ ನಿಲ್ಲಿಸಿ ತಿರುಗುತ್ತಿದ್ದಳು. 2003ರಲ್ಲಿ ಶಾರವ್ವ ತೀರಿಕೊಂಡಳು. ಸೀರೆ ಟ್ರಂಕಿನಲ್ಲಿ ಉಳಿಯಿತು.

2005ರ ಫೆಬ್ರುವರಿಯಲ್ಲಿ ರಾಜಮಹ್ಮದ ಮತ್ತೆ ಬಂದ. ಅದೇ ಕಥೆಯನ್ನು ಈಗ ನಿಜವಾದ ಮನುಷ್ಯರನ್ನು ಹಾಕಿ ಸಿನೇಮಾ ಮಾಡುವವರಿದ್ದರು. ಬಾದಾಮಿಯ ಲಾಡ್ಜೊಂದರಲ್ಲಿ ಪಾತ್ರಗಳಿಗೆ ಜನರನ್ನು ಆರಿಸುತ್ತಾರೆ, ಕಸ್ತೂರಿಯನ್ನು ಕರೆದುಕೊಂಡು ಬರ್ರಿ ಎಂದ.

ಆ ರಾತ್ರಿ ಕಸ್ತೂರಿಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆದ್ದು ಟ್ರಂಕು ತೆರೆದು ಆಯಿಯ ಸೀರೆಯನ್ನು ಕೈಗೆತ್ತಿಕೊಂಡಳು. ದುರ್ಗವ್ವ ಅದನ್ನು ಕಸಿದುಕೊಂಡು ಒಳಗಿಟ್ಟಳು.

"ಇದನ್ನುಟ್ಟು ಮುಂಬೈ ಮಂದಿ ಮುಂದ ನಿಂದ್ರತಿಯೇನ? ಮುದುಕಿ ಬಂದಾಳಂತ ನಗತಾರ. ಸುಮಾನ ಚೂಡಿದಾರ ಇಸಗೊಂಡು ಬಂದೀನಿ, ಹಾಕ್ಕೊ."

"ಅವ್ವಾ, ಪವನಿ ಸೀರಿ ಉಡತಾಳ ಬೇ!"

"ಅದು ಗೊಂಬಿ. ನೀ ಮನಶ್ಯಾಳು. ನಾಲ್ಕ ಮಂದಿ ನೋಡಾಕ ಹೊಂಟಾಗ ನೆಟ್ಟಗ ಹೋಗಬೇಕು."

ಅತ್ತೆ ಏಳು ವರುಷಗಳ ಹಿಂದೆ ಆಡಿದ ಮಾತನ್ನೇ ಸೊಸೆಯೂ ಆಡಿದಳು. ಉಡುಪು ಮಾತ್ರ ಬೇರೆಯಾಗಿತ್ತು. ಮಗಳ ಕಪ್ಪು ಮುಖಕ್ಕೆ ತಾನೇ ಕೈಯಾರೆ ಪೌಡರು ಬಳಿದಳು, ಒಮ್ಮೆ ಸಾಲದೆಂದು ಇನ್ನೊಮ್ಮೆ.

ಲಾಡ್ಜಿನ ಹಾಲಿನಲ್ಲಿ ಗುಂಗುರು ಕೂದಲಿನ ಒಬ್ಬ ತರುಣ ಕಸ್ತೂರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಪವನಿಯ ಚಿತ್ರ ಬರೆದದ್ದು ಇವಳನ್ನೇ ನೋಡಿ ಎಂದು ರಾಜಮಹ್ಮದ ಹೇಳಿದರೂ ಅವನು ನಂಬಿದಂತೆ ಕಾಣಲಿಲ್ಲ. ಹಿಂದಿಯಲ್ಲಿ ಏನೋ ಹೇಳಿ ಕೈ ಮುಗಿದ. ರಾಜಮಹ್ಮದ ತಲೆ ಕೆರೆದುಕೊಂಡು, ಅದನ್ನು ಕನ್ನಡದಲ್ಲಿ ಹೇಳಿದ:

"ಅವ್ರಿಗೆ ಇಲ್ಲಿ ಮಣ್ಣಿನ ಹುಡುಗಿ ಬೇಕಂತ್ರಿ ಯಕ್ಕಾ. ಈ ಚೂಡಿದಾರ, ಈ ಪೌಡರು... ಇದು ಪ್ಯಾಟಿ ಹುಡುಗಿ ಹಂಗ ಕಾಣತೈತಂತ. ಸೀರಿ ಉಡಸಾಕ ಬರತಿದ್ರ ಶೂಟಿಂಗಿಗೆ ಬರಲಿ, ಕೆಲಸಾ ಕೊಡತೀವಿ ಅಂದಾರ."

ದುರ್ಗವ್ವ ಮಗಳ ಕೈ ಹಿಡಿದು ಬಸ್ಸು ಹತ್ತಿದಳು. ಅಮೀನಗಡದಲ್ಲಿ ಬಸ್ಸು ನಿಂತಿತು. ಜನ ಕರದಂಟಿನ ಅಂಗಡಿಗಳತ್ತ ಹೋದರು. ದುರ್ಗವ್ವ ಮಗಳನ್ನು ಕೆಳಗಿಳಿಸಿ, ನಳದ ಕೆಳಗೆ ಸೆರಗು ತೋಯಿಸಿ, ಅವಳ ಮುಖವನ್ನು ತಿಕ್ಕತೊಡಗಿದಳು. ಪೌಡರು ಹೋಯಿತು. ಹೋದ ಮೇಲೂ ತಿಕ್ಕುತ್ತಿದ್ದಳು.

"ಬಿಡ ಬೇ ಅವ್ವಾ, ಉರಿತೈತಿ."

"ನಿಮ್ಮಾಯಿ ಇದ್ದಿದ್ರ ಹಿಂಗ ಆಗತಿರಲಿಲ್ಲ" ಎಂದಳು ದುರ್ಗವ್ವ. "ನಾ ಕೆಡಿಸಿದೆ. ಕೈಯಾಗ ಬಂದದ್ದನ್ನ ನಾನ ಕೆಡಿಸಿದೆ."

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ನೂಲು ಸುತ್ತುವಾಗ ಕೈ ನಿಂತುಬಿಡುತ್ತಿತ್ತು. ಯಮನೂರಪ್ಪ, "ಸಿನೇಮಾ ಹೋದ್ರ ಹೋತು, ನನ್ನ ಮಗ್ಗರ ನಡೀಲಿ" ಎಂದು ಹಾಸ್ಯ ಮಾಡಿದರೆ ಅಳುತ್ತಿದ್ದಳು. ತಾಯಿಯ ಈ ಕೊರಗನ್ನು ನೋಡಲಾರದೆಯೇ ಕಸ್ತೂರಿ ಶೂಟಿಂಗಿನ ಕೆಲಸಕ್ಕೆ ಒಪ್ಪಿಕೊಂಡಳು. ಏನಾದರೊಂದು ದಕ್ಕಿತೆಂದು ಅವ್ವನಿಗೆ ಅನ್ನಿಸಲಿ ಎಂಬುದು ಅವಳ ಎಣಿಕೆ.

ಮುಂದಿನ ವರುಷ ಬಾದಾಮಿಯ ಅಗಸ್ತ್ಯ ತೀರ್ಥದ ಕೆರೆಯ ದಂಡೆಯಲ್ಲಿ ಶೂಟಿಂಗ್ ನಡೆಯಿತು. ರಾಕ್ಷಸರ ದಂಡಿಗೆ ಬಾದಾಮಿಯ ಹಮಾಲರನ್ನು ಕರೆದು, ಮೈಗೆಲ್ಲ ಕರಿಯ ಬಣ್ಣ ಹಚ್ಚುತ್ತಿದ್ದರು. ತಿಮ್ಮಣ್ಣ ಎಂಬ ಹಮಾಲ, "ದೇವರ ಹಚ್ಚಿ ಕಳಿಸ್ಯಾನ, ನೀವ್ಯಾಕ ಮ್ಯಾಲೆ ಮತ್ತೊಂದ ಕೈ ಹೊಡಿತೀರಿ?" ಎಂದು ಎಲ್ಲರನ್ನೂ ನಗಿಸಿದ. ಪವನಿಯ ಪಾತ್ರದ ಹುಡುಗಿ ಮುಂಬಯಿಯವಳು. ಹಾಲಿನಂಥ ಬಣ್ಣ. ಒಳ್ಳೆಯ ಹುಡುಗಿಯೇ, ಕಸ್ತೂರಿ ಕಚ್ಚೆ ಬಿಗಿಯುವಾಗ ನಗುತ್ತ ನಿಲ್ಲುತ್ತಿದ್ದಳು. ಅವಳ ಮೂಗಿಗೂ ನತ್ತು, ನತ್ತಿಗೂ ಕರಿಯ ದಾರ. ಆ ದಾರವನ್ನು ಕಿವಿಗೆ ಸುತ್ತುವವಳೂ ಕಸ್ತೂರಿಯೇ.

ಉಡುಪು ಹೊಲಿಯಲು ಬಾಗಲಕೋಟೆಯಿಂದ ಜೋಹರಾ ಎಂಬ ದರ್ಜಿ ಹೆಂಗಸು ಬಂದಿದ್ದಳು. ಒಂದು ಮಧ್ಯಾಹ್ನ ಕಸ್ತೂರಿ ಅವಳ ಮುಂದೆ ಪೌಡರಿನ ಕಥೆಯನ್ನೆಲ್ಲ ಹೇಳಿಕೊಂಡಳು. ಜೋಹರಾ ಸೂಜಿ ಕೆಳಗಿಟ್ಟಳು.

"ಹುಚ್ಚಿ, ನಿಮ್ಮನ್ನ ನೋಡಿದ್ದು ಯಾವಾಗಂದಿ?"

"ಹೋದ ವರ್ಷ, ಶಿವರಾತ್ರಿ ಮುಂದ ರೀ."

"ಈ ಮುಂಬೈ ಹುಡುಗಿ ಕುಬಸದ ಅಳತಿ ಅದರ ಹಿಂದಿನ ದೀಪಾವಳಿಗೇ ನನ್ನ ಕೈಗೆ ಬಂದಿತ್ತು. ನೀ ಪೌಡರರ ಹಚ್ಚು, ಬಂಗಾರರ ಹೇರಿಕೋ, ಇಲ್ಲಿ ಮಂದಿಯೊಳಗ ಅವರು ಪವನಿನ್ನ ಹುಡುಕಿದ್ದಽ ಇಲ್ಲವ್ವಾ. ರಾಕ್ಷಸರನ್ನ ಹುಡುಕಾಕ ಬಂದಿದ್ದರು."

ಕಸ್ತೂರಿ ಅಂದೇ ಸಂಜೆಯ ಬಸ್ಸಿಗೆ ಊರಿಗೆ ಬಂದಳು. ಎದೆಯಲ್ಲಿ ನೋವೂ ಇತ್ತು, ಅವ್ವನ ಹೊರೆ ಇಳಿಯುತ್ತದೆಂಬ ಆತುರವೂ ಇತ್ತು. ಹೊಸ್ತಿಲು ದಾಟುತ್ತಲೇ ಎಲ್ಲವನ್ನೂ ಹೇಳಿದಳು. ದುರ್ಗವ್ವ ಕೇಳಿದಳು. ಕೇಳಿ, ಮಗಳ ತಲೆ ಸವರಿದಳು.

"ನನ್ನ ಸಮಾಧಾನಕ್ಕ ಹೇಳತಿ."

"ಖರೇನ ಬೇ! ರಾಜಣ್ಣನ್ನ ಕೇಳು."

ರಾಜಮಹ್ಮದನೂ ಬಂದು ಹೇಳಿದ. ಅವನಿಗೆ ಚಹಾ ಕೊಟ್ಟು ಕಳಿಸಿದ ಮೇಲೆ ದುರ್ಗವ್ವ, "ಅವಗ ಏನೇನ ಹೇಳಿಕೊಟ್ಟಿ?" ಎಂದು ಮಗಳನ್ನೇ ಕೇಳಿದಳು.

2007ರಲ್ಲಿ ಸಿನೇಮಾ ಇಳಕಲ್ಲಿಗೆ ಬಂತು. ಬರುವುದಿಲ್ಲವೆಂದಿದ್ದ ದುರ್ಗವ್ವ ಕಡೆಯ ಗಳಿಗೆಯಲ್ಲಿ ಚಪ್ಪಲಿ ಮೆಟ್ಟಿ ಹೊರಟಳು. ಪರದೆಯ ಮೇಲೆ ಆ ಬಿಳಿಯ ಹುಡುಗಿ ದಾರ ಜಗ್ಗಿ, ಕಣ್ಣು ಮುಚ್ಚಿ, ಗಾಳಿಯ ಮಾತು ಕೇಳುವ ಸನ್ನಿವೇಶ ಬಂದಾಗ ಸುತ್ತಲಿನವರೆಲ್ಲ ಸೀಟಿ ಹೊಡೆದರು. ದುರ್ಗವ್ವ ಮಗಳ ಕಿವಿಯಲ್ಲಿ, "ನೀನಽ ಆಗಿದ್ರ ಇದಕ್ಕಿಂತ ಚಂದ ಕಾಣತಿದ್ದಿ. ಸೀರಿ ಉಡಿಸಿ ಕರಕೊಂಡು ಹೋಗಿದ್ರ ನಿನ್ನನ್ನ ಬಿಡತಿರಲಿಲ್ಲ ಅವರು" ಎಂದಳು. ಅವಳ ದನಿಯಲ್ಲಿ ಅಳುವಿತ್ತು. ಅಳುವಿನೊಳಗೇ ಒಂದು ಹೆಮ್ಮೆಯೂ ಇತ್ತು.

ಕಸ್ತೂರಿಗೆ ಆಗ ತಿಳಿಯಿತು. ತಪ್ಪು ತನ್ನದೆಂದು ಅವ್ವ ಅಂದುಕೊಂಡರೆ ಅವಳ ಪಾಲಿಗೆ ಮಗಳು ಇನ್ನೂ ಪವನಿಯೇ. ತಪ್ಪು ತನ್ನದಲ್ಲವೆಂದು ಒಪ್ಪಿಕೊಂಡರೆ, ಆ ಮಂದಿ ಮಗಳ ಮುಖವನ್ನು ನೋಡುವ ಮೊದಲೇ ಬೇಡವೆಂದಿದ್ದರೆಂಬುದನ್ನೂ ಒಪ್ಪಬೇಕು. ಅದು ಅವಳಿಂದಾಗದು.

"ಹೌದ ಬೇ" ಎಂದಳು ಕಸ್ತೂರಿ. "ಸೀರಿ ಉಟ್ಟು ಹೋಗಬೇಕಿತ್ತು."

ಆ ಮಾತನ್ನು ಅವಳು ಮತ್ತೆಂದೂ ತಿರುಗಿಸಲಿಲ್ಲ.

ಈಗ ಅವಳಿಗೆ ಮದುವೆಯಾಗಿದೆ. ಗಂಡ ಶಿವಪುತ್ರ ಪಾವರ್‌ಲೂಮಿನಲ್ಲಿ ಕೆಲಸ ಮಾಡುತ್ತಾನೆ, ಮನೆ ತವರಿನ ಓಣಿಯಲ್ಲಿಯೇ. ಯಾರಾದರೂ ಫೋಟೋ ತೆಗೆಯುತ್ತಾರೆಂದರೆ ಸಾಕು, ದುರ್ಗವ್ವ ಟ್ರಂಕು ತೆರೆಯುತ್ತಾಳೆ. ಹೋದ ತಿಂಗಳು ಮತದಾರರ ಚೀಟಿಗೆ ಫೋಟೋ ತೆಗೆಸಲು ಹುನಗುಂದಕ್ಕೆ ಹೋದಾಗಲೂ ಕಸ್ತೂರಿ ಆಯಿಯ ಚಂದ್ರಕಾಳಿ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು. ಕ್ಯಾಮರಾದವನು, "ಏನ ತಂಗಿ, ಇಲ್ಲಿಂದ ಸೀದಾ ನಾಟಕಕ್ಕ ಹೊಂಟಿಯೇನು?" ಎಂದು ನಕ್ಕ. "ನಮ್ಮವ್ವ ಹೊರಗ ನಿಂತಾಳ್ರೀ ಅಣ್ಣಾ, ಸಾವಕಾಶ ನಗ್ರಿ" ಎಂದಳು ಕಸ್ತೂರಿ.

ಉಟ್ಟು ಬಿಚ್ಚಿ ಆ ಹಳೆಯ ಸೀರೆ ಮಡಿಕೆಗಳಲ್ಲಿ ಜೀರ್ಣವಾಗಿ ಹರಿಯುತ್ತ ಬಂದಿದೆ. ಇನ್ನೊಂದೆರಡು ಸಲಕ್ಕೆ ಅದು ತಾಳುವಂತಿಲ್ಲ. ದುರ್ಗವ್ವನ ಮಂಜುಗಣ್ಣಿಗೆ ಇದು ಇನ್ನೂ ಕಂಡಿಲ್ಲ. ಅವಳು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಕಸ್ತೂರಿ ತಂದೆಯ ಮಗ್ಗಕ್ಕೆ ಬಂದು ಕೂಡುತ್ತಾಳೆ. ಕರಿಯ ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಆಯಿಯ ಸೀರೆಯಲ್ಲಿರುವಂಥವೇ ಬಿಳಿಯ ತೆನೆಗಳು. ಟ್ರಂಕಿನಲ್ಲಿ ಅದರ ಸ್ಥಳದಲ್ಲಿ ಸದ್ದಿಲ್ಲದೆ ಇಡಲು ಇನ್ನೊಂದನ್ನು ನೇಯುತ್ತಿದ್ದಾಳೆ.