ಕಾಕು ಉಗುಳಿದ ಬಾಸುಂದಿ

ಕಳೆದ ವಾರ ಮಿರಜದ ಔಷಧಿ ಅಂಗಡಿಯಲ್ಲಿ ಯಾರದೋ ಕೈಯಿಂದ ಪುಡಿಯ ಡಬ್ಬಿ ಬಿದ್ದು ಚೆಲ್ಲಿತು. ಕೊಳೆತ ಬಟಾಟೆ ಮತ್ತು ತಾಕತ್ತಿನ ಗುಳಿಗೆ ಕೂಡಿದಂಥ ವಾಸನೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಬಂದೆ. ನೆನಪಾದದ್ದು ವಿಶ್ರಾಮಬಾಗದ ನಮ್ಮ ಪಕ್ಕದ ಮನೆಯಾಕೆ, ಎಲ್ಲರೂ ಕಾಕು ಎಂದು ಕರೆಯುತ್ತಿದ್ದವರು…

ಅವರ ಮಗಳು ದಿನಾ ಅಂಥದೇ ಪುಡಿ ಕಲಸಿ ಕುಡಿಯುತ್ತಿದ್ದಳು. ಹುಟ್ಟಿನಿಂದ ಬಂದ ಕಾಯಿಲೆ. ಹಾಲು, ಬೇಳೆ, ಶೇಂಗಾಗಳ ಪ್ರೋಟೀನಿನ ಒಂದು ಅಂಶ ಅವಳ ರಕ್ತದಲ್ಲೇ ಉಳಿದು ಮೆದುಳನ್ನು ಕೆಡಿಸಬಹುದಿತ್ತು. ಮೊದಲ ಮಗು ಇದೇ ಕಾಯಿಲೆಯೆಂದು ಗೊತ್ತಾಗದೆ, ಮಾತೇ ಕಲಿಯದೆ ತೀರಿಕೊಂಡಿತ್ತು. ಹಾಗಾಗಿ ಕಾಕು ಈ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಅವಳು ಪೇಢೆಗೆ ಕೈ ಚಾಚಿದರೆ ಬೆರಳಿನ ಮೇಲೆ ಹೊಡೆದು, "ಇಸ ಐತದು!" ಎನ್ನುತ್ತಿದ್ದರು. ಬಂಧುಗಳು ಅವರನ್ನು ರಾಕ್ಷಸಿ ಎಂದರು.

ಹುಡುಗಿ ಕಾಲೇಜು ಸೇರುವ ಹೊತ್ತಿಗೆ ಹೊಸ ಗುಳಿಗೆ ಬಂತು. ರಕ್ತಪರೀಕ್ಷೆ ಚೆನ್ನಾಗಿ ಬಂದದ್ದು ನೋಡಿ ಡಾಕ್ಟರು, ಗುಳಿಗೆ ಬಿಡದೆ ಊಟದ ಕಟ್ಟು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಎಂದರು. ಕಾಕುವಿನ ಕಿವಿಗೆ 'ಸಡಿಲಿಸಿ' ಎಂಬುದಷ್ಟೇ ಬಿದ್ದಿರಬೇಕು. ಬುಧಗಾಂವದಿಂದ ಬಂಧುಗಳನ್ನೆಲ್ಲ ಕರೆಸಿ, ನನ್ನನ್ನೂ ಕರೆದು, ಹಾಲು ಬತ್ತಿಸಿ ಬಾಸುಂದಿ ಮಾಡಿದರು.

ಹುಡುಗಿ ಒಂದು ಚಮಚ ಬಾಯಿಗಿಟ್ಟಳು. ಮುಖ ಬಿಳಿಚಿತು.

"ಆಯಿ, ಹೇಸಿಗಿ ಬರಾಕತ್ತೈತಿ."

"ಎದರ ಹೇಸಿಗಿ? ಇಷ್ಟ ವರ್ಷ ನಿನ್ನ ಬಾಯಿ ಕಟ್ಟೇನಿ. ಇವತ್ತ ತಿನ್ನು!"

ಕಾಕು ಅವಳ ಗಲ್ಲ ಒತ್ತಿ ಹಿಡಿದು ಇನ್ನೊಂದು ಚಮಚ ತುರುಕಿದರು. ಅದು ಹೋದ ಹಾಗೆಯೇ ಹೊರಬಂತು… ಹೊಸ ಕುರ್ತಾದ ಮೇಲೆ, ತಟ್ಟೆಯ ಮೇಲೆ, ಕಾಕುವಿನ ಕೈಮೇಲೆ. ಹಳದಿ ಕೆನೆ, ಹುಳಿ ನಾತ. ಪಕ್ಕದಲ್ಲೇ ಕೂತಿದ್ದ ಅವಳ ಸೋದರಮಾವ ಕಾಲನ್ನಷ್ಟೇ ಸರಿಸಿಕೊಂಡು, "ಸವಯ್ ಆಗ್ತೈತಿ, ರೂಢಿ ಆಗ್ತೈತಿ ತಗೋ" ಎನ್ನುತ್ತ ತನ್ನ ಬಟ್ಟಲು ನೆಕ್ಕಿದ. ಆ ವಾಂತಿಗಿಂತ ಅವನ ನಾಲಗೆ ನೋಡಿ ನನಗೆ ಹೆಚ್ಚು ಅಸಹ್ಯವಾಯಿತು.

ಹುಡುಗಿ ಬಾಯಿ ಒರೆಸಿಕೊಂಡು ಹೇಳಿದಳು: "ಇಸ ಅಂತ ನೀನ ಹೊಡದಿ, ಆಯಿ. ಈಗ ಅಲ್ಲ ಅಂದ್ರ ನನ್ನ ಗಂಟಲಕ್ಕ ಹ್ಯಾಂಗ ತಿಳೀಬೇಕು?"

ಕಾಕು ಸಿಟ್ಟಿನಿಂದಲೋ ಏನೋ, ಬಾಸುಂದಿಯ ಪಾತೇಲಿಯಿಂದ ಒಂದು ಸೌಟು ತೆಗೆದು ತಾವೇ ಬಾಯಿಗೆ ಸುರಿದುಕೊಂಡರು. ಮರುಕ್ಷಣ ಮೋರಿಗೆ ಓಡಿ ಉಗುಳಿದರು; ಓಕರಿಸಿ ಕಣ್ಣಲ್ಲಿ ನೀರು ಬಂತು. ಆಗ ಹೊಳೆಯಿತು ನನಗೆ. ಆ ದಿನದವರೆಗೆ ಆ ಮನೆಗೆ ಹಾಲು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಮಗಳಿಗೆ ಬೇಡವಾದದ್ದನ್ನು ಅಷ್ಟು ವರ್ಷ ಅವರೂ ಮುಟ್ಟಿರಲಿಲ್ಲ.

ಮೋರಿಯ ಬಳಿ ಕೂತಲ್ಲಿಂದಲೇ ಮಗಳನ್ನು ನೋಡಿ, "ಖರೇನ ಹೊಲಸ ಐತಲ್ಲವಾ…" ಎಂದರು. ಇಬ್ಬರೂ ಅತ್ತರೋ ನಕ್ಕರೋ ತಿಳಿಯಲಿಲ್ಲ. "ಇಷ್ಟ ಹಾಲ ಹಾಳಾತು" ಎಂದು ಗೊಣಗುತ್ತ ಬಂಧುಗಳು ಎದ್ದರು.

ಆಮೇಲೆ ತಾಯಿ ಮಗಳು ಎದುರುಬದುರು ಕುಳಿತು ಬೇಳೆಯ ತಿಳಿಯಿಂದ ಶುರುಮಾಡಿದರು. ಇವಳೊಂದು ಚಮಚ, ಅವರೊಂದು ಚಮಚ. ಮುಖ ಕಿವುಚುತ್ತ, ಒಬ್ಬರನ್ನೊಬ್ಬರು ಬೈಯುತ್ತ…

ಕಾಕು ತೀರಿಹೋಗಿ ಎರಡು ವರ್ಷವಾಯಿತು. ಮಗಳು ಮಾಧವನಗರದಲ್ಲಿ ಕೆಲಸಕ್ಕಿದ್ದಾಳೆ. ಮೊನ್ನೆ ಸಿಕ್ಕಾಗ, "ಊಟ ಹ್ಯಾಂಗ ನಡದೈತಿ?" ಎಂದೆ.

"ಡಾಕ್ಟರು ಹೇಳಿದಷ್ಟ ಬ್ಯಾಳಿ ತಿಂತೇನ್ರಿ, ಮಾವಶಿ," ಎಂದಳು. "ಆದರ ಎದರಿಗಿ ಯಾರೂ ಮುಖ ಕಿವುಚವ್ರಿಲ್ಲ ನೋಡ್ರಿ… ಗಂಟಲದಾಗ ಇಳಿಯಂಗಿಲ್ಲ."